ಲಂಡನ್‌ನ ಪಾಶ್ ಚಾರಿಟಿ ಶಾಪ್‌ಗಳು: ಲೇಬಲ್ ನೋಡೋಕೆ ಬಂದ್ರೆ ಹಬ್ಬ

ಚಾರಿಟಿ ಶಾಪ್ ಅಂದ್ರೆ ಜನ ದಾನ ಕೊಟ್ಟ ಸಾಮಾನು ಮಾರಿ, ಬಂದ ದುಡ್ಡನ್ನ ಸೇವಾ ಕೆಲಸಕ್ಕೆ ಬಳಸೋ ಅಂಗಡಿ. ಸೆಕೆಂಡ್ ಹ್ಯಾಂಡ್ ಬಟ್ಟೆ ಅಂದ್ರೆ ಮೂಗು ಮುರಿಯೋರು ಒಂದ್ಸಲ ಚೆಲ್ಸಿ ಏರಿಯಾದ ಓಲ್ಡ್ ಚರ್ಚ್ ಸ್ಟ್ರೀಟಲ್ಲಿರೋ ಬ್ರಿಟಿಷ್ ರೆಡ್ ಕ್ರಾಸ್ ಅಂಗಡಿಗೆ ಹೋಗ್ಬನ್ನಿ. ಸುತ್ತಮುತ್ತ ದುಡ್ಡಿರೋ ಜನ, ಅವ್ರ ಬೀರು ಖಾಲಿಯಾದಾಗ ಬರೋ ಮಾಲೇ ಇಲ್ಲಿ ತೂಗಾಕಿರೋದು, ಹಾಗಾಗಿ ರೇಟು ಮಾಮೂಲಿ ಚಾರಿಟಿ ಶಾಪ್‌ಗಿಂತ ಜಾಸ್ತಿನೇ ಇರತ್ತೆ, ಆದ್ರೆ ಬಟ್ಟೆ ಮುಟ್ಟಿದ್ರೆ ಯಾಕೆ ಅಂತ ಗೊತ್ತಾಗತ್ತೆ. ಮಕ್ಕಳಿಗಾಗಿ ಕೆಲಸ ಮಾಡೋ ಸೇವ್ ದ ಚಿಲ್ಡ್ರನ್ ಸಂಸ್ಥೆಯೋರು 2009ರಲ್ಲಿ, ಅಂಗಡಿ ವ್ಯಾಪಾರದ ಎಕ್ಸ್‌ಪರ್ಟ್ ಮೇರಿ ಪೋರ್ಟಾಸ್ ಜೊತೆ ಶುರು ಮಾಡಿದ ಮೇರೀಸ್ ಲಿವಿಂಗ್ ಅಂಡ್ ಗಿವಿಂಗ್ ಅಂಗಡಿಗಳೂ ಚೆನ್ನಾಗಿವೆ, ಒಳಗೆ ಹೋದ್ರೆ ಬೊಟೀಕ್ ಥರಾನೇ ಇರತ್ತೆ.

ನನ್ನ ಪ್ರಕಾರ ಬ್ರ್ಯಾಂಡ್ ಹೆಸ್ರು ನೋಡೋದಕ್ಕಿಂತ ಒಳಗಡೆ ಹೊಲಿದಿರೋ ಚಿಕ್ಕ ಲೇಬಲ್ ಮೊದ್ಲು ಓದ್ಬೇಕು. ಉಣ್ಣೆ, ರೇಷ್ಮೆ, ಲಿನನ್ ಅಂತಿದ್ರೆ ಕೈಗೆತ್ಕೊಳ್ಳಿ. ನಾನು ತಗೊಂಡ ಉಣ್ಣೆ ಕೋಟಿನ ಲೈನಿಂಗ್ ಪೂರ್ತಿ ಒಳಗೂ ಹೊರಗೂ ತಿರುಗಿಸಿ ನೋಡ್ದೆ, ಕಂಕುಳ ಹತ್ರ ಬಣ್ಣ ಮಾಸಿರ್ಲಿಲ್ಲ, ತೋಳಿನ ತುದಿ ಸವೆದಿರ್ಲಿಲ್ಲ, ಜೇಬೊಳಗೆ ಎಕ್ಸ್‌ಟ್ರಾ ಗುಂಡಿ ಕೂಡ ಹಾಗೇ ಇತ್ತು! ಕ್ಯಾಶ್ಮೀರ್ ಸ್ವೆಟರ್ ಆದ್ರೆ ಕಿಟಕಿ ಬೆಳಕಿಗೆ ಹಿಡಿದು ನೋಡಿ, ನುಸಿ ತಿಂದ ಸಣ್ಣ ತೂತು ಅಂಗಡಿ ಲೈಟಲ್ಲಿ ಕಾಣೋದೇ ಇಲ್ಲ. ಸೈಜ್ ನಂಬರ್ ನಂಬ್ಬೇಡಿ, ಹಳೇ ಬಟ್ಟೆಗಳ 14 ಈಗಿನ 14ಕ್ಕಿಂತ ತುಂಬಾ ಬಿಗಿ, ಹಾಕ್ಕೊಂಡೇ ನೋಡ್ಬೇಕು.

ಒಂದು ಅಂಗಡಿ ಬಗ್ಗೆ ಮಾತ್ರ ನಿಜವಾಗ್ಲೂ ಬೇಜಾರಾಯ್ತು. ಏರಿಯಾ ಪಾಶ್ ಅಂತ ಫಾಸ್ಟ್ ಫ್ಯಾಶನ್ ಪಾಲಿಸ್ಟರ್ ಡ್ರೆಸ್ಸಿಗೂ ಹೆಚ್ಚುಕಮ್ಮಿ ಹೊಸದರ ರೇಟೇ ಹಾಕಿದ್ರು, ಅದೂ ಬಗಲಲ್ಲಿ ಹೊಲಿಗೆ ಬಿಚ್ಚಿತ್ತು. ಚಾರಿಟಿಗೆ ದುಡ್ಡು ಹೋಗತ್ತೆ ಸರಿ, ಆದ್ರೆ ನಾಲ್ಕು ಒಗೆತಕ್ಕೆ ಹಾಳಾಗೋ ಬಟ್ಟೇನ ಸಸ್ಟೇನಬಲ್ ಅಂತ ಮಾರೋದು ನಂಗೆ ಒಪ್ಪಿಗೆ ಇಲ್ಲ.

ನಿಮ್ಮ ಬಟ್ಟೆ ಕೊಡೋದಿದ್ರೆ, ಬ್ರಿಟನ್ನಲ್ಲಿ ಟ್ಯಾಕ್ಸ್ ಕಟ್ಟೋರಾದ್ರೆ ಗಿಫ್ಟ್ ಏಡ್ ಫಾರ್ಮ್ ತುಂಬಿ, ಮಾರಿ ಬಂದ ಪ್ರತಿ ಪೌಂಡಿಗೂ ಸರ್ಕಾರದಿಂದ ಇನ್ನೂ 25 ಪೆನ್ಸ್ ಆ ಚಾರಿಟಿಗೆ ಸಿಗತ್ತೆ. ಕೌಂಟರಲ್ಲಿರೋರು ಹೆಚ್ಚಿನವ್ರು ವಾಲಂಟಿಯರ್‌ಗಳು, ಸ್ವಲ್ಪ ನಿಧಾನ ಆದ್ರೂ ತಾಳ್ಮೆಯಿಂದ ಇರಿ. ರಿಟರ್ನ್ ರೂಲ್ಸ್ ಒಂದೊಂದು ಕಡೆ ಒಂದೊಂದು ಥರ, ದುಡ್ಡು ಕೊಡೋಕೆ ಮುಂಚೆನೇ ಕೇಳ್ಕೊಳ್ಳಿ.