ಹಳೆಯ ಡಿ300, ಹಗುರವಾದ ಪಿ900: ಕೆರೆಯಂಚಿನಲ್ಲಿ ಎರಡನ್ನೂ ಬಳಸಿದ ಮೇಲೆ

ಹಕ್ಕಿಗಳ ಫೋಟೊ ತೆಗೆಯಬೇಕೆಂದು ಆಸೆಪಟ್ಟವರು, ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೂ ಅದರ ದೊಡ್ಡ ಲೆನ್ಸಿಗೂ ಕೈಯಲ್ಲಿರುವ ಹಣ ಸಾಲದೆಂದು ತಿಳಿದ ಮೇಲೆ ಸಾಮಾನ್ಯವಾಗಿ ಎರಡು ದಾರಿಗಳ ಮುಂದೆ ನಿಲ್ಲುತ್ತಾರೆ. ವೃತ್ತಿಪರರು ಬಳಸಿ ಬಿಟ್ಟ, ಒಳಗೆ ಕನ್ನಡಿಯಿದ್ದು ಲೆನ್ಸು ಬದಲಿಸಬಹುದಾದ ಹಳೆಯ ಡಿಎಸ್‌ಎಲ್‌ಆರ್ ಒಂದು ದಾರಿ; ಲೆನ್ಸು ಬದಲಿಸುವ ಗೋಜಿಲ್ಲದ ಸೂಪರ್‌ಜೂಮ್ ಇನ್ನೊಂದು. ನಮ್ಮ ಮನೆಯಲ್ಲಿ ಎರಡೂ ಇವೆ. 2007ರಲ್ಲಿ ಬಂದ ನಿಕಾನ್ ಡಿ300 ಮತ್ತು ಅದಕ್ಕೆ ಜೋಡಿಸುವ 300 ಎಂಎಂ ಎಫ್/4 ಲೆನ್ಸನ್ನು, ಪತ್ರಿಕೆಯೊಂದಕ್ಕೆ ಕ್ರೀಡಾಕೂಟಗಳ ಚಿತ್ರ ತೆಗೆಯುತ್ತಿದ್ದ ಪರಿಚಿತರಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. 2015ರ ಮಾದರಿಯಾದ ಕೂಲ್‌ಪಿಕ್ಸ್ ಪಿ900 ಅನ್ನು ಪತ್ನಿಗೆಂದು ಹೊಸದಾಗಿಯೇ ತಂದೆವು. ಮೈಸೂರಿನ ಕುಕ್ಕರಹಳ್ಳಿ ಮತ್ತು ಲಿಂಗಾಂಬುಧಿ ಕೆರೆಗಳು, ರಂಗನತಿಟ್ಟು, ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಇವಿಷ್ಟು ನಮ್ಮ ಓಡಾಟದ ವ್ಯಾಪ್ತಿ. ಗುಣವಿವರಗಳ ಪಟ್ಟಿ ಎಲ್ಲ ಕಡೆ ಸಿಗುವುದರಿಂದ ಅದನ್ನು ಮತ್ತೆ ಇಲ್ಲಿ ಒಪ್ಪಿಸುವುದಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕಿದರೆ ಇದು ಪೈಪೋಟಿಯೇ ಅಲ್ಲ. ಡಿ300ರ ಸೆನ್ಸರ್ ಪೂರ್ಣ ಫ್ರೇಮಿಗಿಂತ (ಹಳೆಯ 35 ಎಂಎಂ ಫಿಲ್ಮಿನ ಅಳತೆಗಿಂತ) ಚಿಕ್ಕದಾದ್ದರಿಂದ ಅದರ ಮೇಲೆ 300 ಎಂಎಂ ಲೆನ್ಸು 450 ಎಂಎಂನಷ್ಟು ದೂರ ನೋಡುತ್ತದೆ, ನಡುವೆ 1.4 ಪಟ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ಸಿಕ್ಕಿಸಿದರೆ 630 ಎಂಎಂ, ಅದೂ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಳೆದುಕೊಂಡು. ಪಿ900 ಒಂದು ಬೆರಳಿನ ಒತ್ತಿಗೆ 24ರಿಂದ 2000 ಎಂಎಂವರೆಗೆ ಹೋಗುತ್ತದೆ. ತೂಕದಲ್ಲಿಯೂ ಹಾಗೆಯೇ: ಬಾಡಿ, ಲೆನ್ಸು, ಬ್ಯಾಟರಿ ಸೇರಿ ನನ್ನದು ಎರಡೂಕಾಲು ಕಿಲೋ ದಾಟುತ್ತದೆ, ಪಿ900 ಬ್ಯಾಟರಿ, ಕಾರ್ಡು ಸಮೇತ 900 ಗ್ರಾಂ. ಇಷ್ಟೆಲ್ಲ ಗೊತ್ತಿದ್ದೂ ಹಳೆಯದನ್ನು ಇಟ್ಟುಕೊಂಡಿದ್ದೇನೆ ಎಂದರೆ ಅದಕ್ಕೆ ಕಾರಣ ಒಂದೇ, ಕಣ್ಣಿಟ್ಟು ನೋಡುವ ವ್ಯೂಫೈಂಡರ್. ನಾನು ಕೊಂಡಾಗ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಚಿತ್ರದ ಗುಣಮಟ್ಟ, ಗಟ್ಟಿಮುಟ್ಟಾದ ಮೆಗ್ನೀಸಿಯಂ ಬಾಡಿ, 51 ಫೋಕಸ್ ಬಿಂದುಗಳು ಎಂದೆಲ್ಲ ಲೆಕ್ಕ ಹಾಕಿದ್ದೆ. ಅವೆಲ್ಲ ಇವೆ, ನಿಜ. ಆದರೆ ಪ್ರತಿದಿನ ಸಂತೋಷ ಕೊಡುವುದು ಆ ಗಾಜಿನ ಕಿಂಡಿ.

ಕುಕ್ಕರಹಳ್ಳಿ ಕೆರೆಯ ಕಪ್ಪುಬಿಳಿ ಮಿಂಚುಳ್ಳಿಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ, ಕೊಕ್ಕನ್ನು ನೇರ ಕೆಳಕ್ಕೆ ಇಳಿಬಿಟ್ಟು ನಿಲ್ಲುತ್ತದೆ. ಮೀನು ಕಂಡಿತೋ, ರೆಕ್ಕೆ ಮಡಚಿ ಕಲ್ಲು ಬಿದ್ದಂತೆ ಬೀಳುತ್ತದೆ. ಕಾಣದಿದ್ದರೆ ನಾಲ್ಕು ಮಾರು ಸರಿದು ಮತ್ತೆ ನಿಲ್ಲುತ್ತದೆ. ನಿಂತಿರುವುದನ್ನು ಯಾವ ಕ್ಯಾಮೆರಾದಲ್ಲಿ ಬೇಕಾದರೂ ತೆಗೆಯಬಹುದು. ಬೀಳುವುದನ್ನು ತೆಗೆಯಬೇಕಾದರೆ ಅದು ಬೀಳಲು ತೊಡಗುವ ಮುನ್ನ ಕತ್ತಿನಲ್ಲಿ ಆಗುವ ಸಣ್ಣ ಬಿಗಿತ ಕಣ್ಣಿಗೆ ಕಾಣಬೇಕು. ಡಿ300ರಲ್ಲಿ ಅದು ಕಾಣುತ್ತದೆ, ಏಕೆಂದರೆ ಲೆನ್ಸಿನೊಳಗೆ ಬಂದ ಬೆಳಕು ಕನ್ನಡಿಗೆ ತಾಗಿ, ಪೆಂಟಾಪ್ರಿಸಂ ಎಂಬ ಗಾಜಿನ ಗಟ್ಟಿ ಹಾದು ನೇರ ನನ್ನ ಕಣ್ಣಿಗೆ ಬರುತ್ತದೆ. ನಡುವೆ ಯಾವ ಪರದೆಯೂ ಇಲ್ಲ, ಯಾವ ಸಂಸ್ಕರಣೆಯೂ ಇಲ್ಲ. ಚೌಕಟ್ಟಿನ ನೂರಕ್ಕೆ ನೂರು ಭಾಗ ಕಾಣುತ್ತದೆ. ಸೆಕೆಂಡಿಗೆ 6 ಚಿತ್ರದ ವೇಗದಲ್ಲಿ ಕನ್ನಡಿ ಏಳುವಾಗ ಕ್ಷಣ ಕಪ್ಪಾಗುತ್ತದೆ, ಮರುಕ್ಷಣ ಹಕ್ಕಿ ಮತ್ತೆ ಅಲ್ಲೇ ಇರುತ್ತದೆ. ಬಲಗಣ್ಣು ಕಿಂಡಿಯಲ್ಲಿ, ಎಡಗಣ್ಣು ತೆರೆದು ಕೆರೆಯ ಮೇಲೆ, ಹೆಬ್ಬೆರಳು ಫೋಕಸ್ ಹಿಡಿಯುವ ಎಎಫ್-ಆನ್ ಗುಂಡಿಯ ಮೇಲೆ. ಸ್ವಿಚ್ ಹಾಕದೆಯೂ ನೋಡುತ್ತಿರಬಹುದಾದ್ದರಿಂದ ಎಷ್ಟೋ ಬೆಳಗ್ಗೆ ಇದನ್ನು ಒಂಟಿಗಣ್ಣಿನ ದೂರದರ್ಶಕವಾಗಿ ಬಳಸಿ ಒಂದೂ ಚಿತ್ರ ತೆಗೆಯದೆ ಮರಳಿದ್ದೇನೆ. ಬ್ಯಾಟರಿಯನ್ನು ಪೂರ್ತಿ ಹೊರತೆಗೆದರೆ ಮಾತ್ರ ಕಿಂಡಿ ಮಂಕಾಗುತ್ತದೆ. ಮೊದಲ ಸಲ ನೋಡಿದವರು ಕೆಟ್ಟುಹೋಯಿತೆಂದು ಹೆದರುತ್ತಾರೆ, ಹೆದರಬೇಕಾಗಿಲ್ಲ.

ಸೂಪರ್‌ಜೂಮ್‌ಗಳಲ್ಲಿ ಕಣ್ಣಿಗೆ ಕಾಣುವುದು ಹಕ್ಕಿಯಲ್ಲ, ಪುಟ್ಟ ಪರದೆಯ ಮೇಲಿನ ಹಕ್ಕಿಯ ಚಿತ್ರ. ಅದು ಕೂದಲೆಳೆಯಷ್ಟು ಹಿಂದಿರುತ್ತದೆ. ಸರಣಿಯಾಗಿ ತೆಗೆಯಲು ಹೊರಟರೆ ಪಿ900 ಸೆಕೆಂಡಿಗೆ 7ರ ವೇಗದಲ್ಲಿ 7 ಚಿತ್ರ ತೆಗೆದು, ಅವನ್ನು ಕಾರ್ಡಿಗೆ ಬರೆಯುವವರೆಗೆ ಮುಂದಿನ ಸರಣಿಗೆ ಸಿದ್ಧವಾಗುವುದಿಲ್ಲ. ಮಿಂಚುಳ್ಳಿ ನೀರು ಸೇರಿ, ಮೀನು ಹಿಡಿದು, ಕೊಂಬೆಗೆ ಹೋಗಿ ಕೂರಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಇದನ್ನು ಒಂದು ಕಂಪನಿಯ ದೋಷವೆನ್ನುವುದು ನ್ಯಾಯವಲ್ಲ. ಆ ಕಾಲದ ಸಣ್ಣ ಸೆನ್ಸರಿನ ಕ್ಯಾಮೆರಾಗಳ ಸ್ವಭಾವವೇ ಹಾಗೆ. ಕೂತ ಹಕ್ಕಿಗೆಂದು ಮಾಡಿದ್ದನ್ನು ಹಾರುವ ಹಕ್ಕಿಗೆ ಹಿಡಿದರೆ ಬೇಸರ ಖಚಿತ.

2000 ಎಂಎಂ ಎಂಬ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಅಷ್ಟು ದೂರಕ್ಕೆ ಹಿಗ್ಗಿಸಿದಾಗ ಚೌಕಟ್ಟು ಎಷ್ಟು ಕಿರಿದಾಗುತ್ತದೆಂದರೆ, ಕಣ್ಣೆದುರಿಗಿರುವ ಹೆಜ್ಜಾರ್ಲೆಯನ್ನೂ ಹುಡುಕಬೇಕಾಗುತ್ತದೆ. ಅದಕ್ಕೆಂದೇ ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಕೊಟ್ಟಿದ್ದಾರೆ: ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿದು ನೋಟ ಅಗಲವಾಗುತ್ತದೆ, ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ. ಒಳ್ಳೆಯ ಉಪಾಯ, ಅದನ್ನು ಯೋಚಿಸಿದವರು ನಿಜಕ್ಕೂ ಹಕ್ಕಿ ಹುಡುಕಿದವರೇ ಇರಬೇಕು. ಆದರೆ ಬೆಳಗಿನ ಒಂಬತ್ತರ ಮೇಲೆ ಬಿಸಿಲೇರಿ ನೀರಿನ ಮೇಲಿನ ಗಾಳಿ ನಡುಗಲು ತೊಡಗಿದರೆ, ಕೆರೆಯ ಆಚೆ ದಡದ ಹಕ್ಕಿ ಯಾವ ಗುಂಡಿಗೂ ಸ್ಪಷ್ಟವಾಗುವುದಿಲ್ಲ. ಲೆನ್ಸು ದೂರವನ್ನು ಹತ್ತಿರಕ್ಕೆ ತರುತ್ತದೆ, ನಡುವಿನ ಗಾಳಿಯನ್ನೂ ಜೊತೆಗೇ ತರುತ್ತದೆ. ರಂಗನತಿಟ್ಟಿನ ದೋಣಿಯಲ್ಲಂತೂ ನಡುಕ ತಡೆಯುವ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ದೋಣಿಯ ಓಲಾಟಕ್ಕೆ ಚೌಕಟ್ಟಿನಿಂದ ಹಕ್ಕಿಯೇ ಜಾರಿಹೋಗುತ್ತದೆ. ಅಲ್ಲಿ ಅಂಬಿಗರು ನಡುಗಡ್ಡೆಗಳ ಸಮೀಪಕ್ಕೇ ಕರೆದೊಯ್ಯುವುದರಿಂದ 300 ಎಂಎಂ ಸಾಕಷ್ಟಾಯಿತು; ಗೂಡಿನ ಬಳಿಯ ಬಣ್ಣದ ಕೊಕ್ಕರೆಗೆ ಕೆಲವೊಮ್ಮೆ ಅದೂ ಹೆಚ್ಚೇ.

ಚಿತ್ರದ ಗುಣಮಟ್ಟದ ವಿಷಯ ಬೇಗ ಮುಗಿಸುತ್ತೇನೆ. ಡಿ300ರ ಸೆನ್ಸರಿನ ವಿಸ್ತೀರ್ಣ ಪಿ900ರದಕ್ಕಿಂತ ಸುಮಾರು 13 ಪಟ್ಟು ದೊಡ್ಡದು. ಒಳ್ಳೆಯ ಬಿಸಿಲಿನಲ್ಲಿ, ಫೋನಿನ ಪರದೆಯ ಮೇಲೆ, ಈ ಅಂತರ ಅನೇಕರಿಗೆ ಕಾಣುವುದೇ ಇಲ್ಲ. ಮೋಡದ ಬೆಳಗ್ಗೆ, ಬೆಳಕಿಗೆ ಸೆನ್ಸರಿನ ಸಂವೇದನೆ ಸೂಚಿಸುವ ಐಎಸ್‌ಒ 800ಕ್ಕೆ ಏರಿಸಿದರೆ ಪಿ900 ಎದೆಯ ಗರಿಗಳನ್ನು ಬಣ್ಣ ಬಳಿದಂತೆ ಒಂದಾಗಿಸಿಬಿಡುತ್ತದೆ. ಅದು ರಾ ಕಡತ (ಸೆನ್ಸರ್ ಕಂಡದ್ದರ ಸಂಸ್ಕರಿಸದ ದಾಖಲೆ) ಉಳಿಸುವುದಿಲ್ಲವಾದ್ದರಿಂದ ಮನೆಗೆ ಬಂದು ಸರಿಪಡಿಸುವ ಅವಕಾಶವೂ ಕಡಿಮೆ. 2020ರಲ್ಲಿ ಬಂದ ಪಿ950ರಲ್ಲಿ ರಾ ಇದೆ. ಡಿ300 ಕೂಡ ಇಂದಿನ ಕಣ್ಣಿಗೆ ಹಳೆಯದೇ; 1600ರವರೆಗೆ ನಂಬಬಹುದು, 3200ಕ್ಕೆ ಹೋದರೆ ನೆರಳುಗಳಲ್ಲಿ ಮರಳು ಕಾಣುತ್ತದೆ.

ಹಿಂದಿನ ರಾತ್ರಿಯ ಸಿದ್ಧತೆಯೇ ನನಗೆ ಅರ್ಧ ಸಂತೋಷ. ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಮುನ್ನ ಮೆನುವಿನ ಬ್ಯಾಟರಿ ಮಾಹಿತಿ ಪುಟ ತೆರೆದು ನೋಡುತ್ತೇನೆ: ಉಳಿದಿರುವ ಚಾರ್ಜ್ ಎಷ್ಟು, ಈ ಚಾರ್ಜಿನಲ್ಲಿ ತೆಗೆದ ಚಿತ್ರಗಳೆಷ್ಟು, ಬ್ಯಾಟರಿಯ ವಯಸ್ಸು 0ಯಿಂದ 4ರ ಅಳತೆಯಲ್ಲಿ ಎಲ್ಲಿಗೆ ಬಂದಿದೆ ಎಂಬುದನ್ನು ಅದು ಸರಳವಾಗಿ ಹೇಳುತ್ತದೆ. ಲೆನ್ಸಿನೊಳಗೇ ಅಡಗಿರುವ, ಅಡ್ಡ ಬೆಳಕು ತಡೆಯುವ ಹುಡ್ಡನ್ನು ಹೊರಗೆಳೆದು ಸಡಿಲವಾಗಿಲ್ಲವೆಂದು ನೋಡಿ, ಒಳಗೆ ತಳ್ಳಿ, ಮುಂದಿನ ಗಾಜನ್ನು ಬ್ರಷ್ಷಿನಿಂದ ಒಮ್ಮೆ ಸವರಿ ಚೀಲಕ್ಕೆ ಹಾಕುತ್ತೇನೆ. ಬೆಳಗ್ಗೆ ಇನ್ನೂ ಕತ್ತಲಿರುವಾಗ ಕೆರೆಯ ಏರಿಯ ಮೇಲೆ ನಿಂತು ಪವರ್ ಸ್ವಿಚ್ಚನ್ನು ಇನ್ನೊಂದು ಹಂತ ತಿರುಗಿಸಿದರೆ ಮೇಲಿನ ಪುಟ್ಟ ಫಲಕದಲ್ಲಿ ಹಸಿರು ಬೆಳಕು ಬರುತ್ತದೆ. ಐಎಸ್‌ಒ, ಶಟರ್ ವೇಗ, ಉಳಿದ ಚಿತ್ರಗಳ ಸಂಖ್ಯೆ ಎಲ್ಲವೂ ಅಲ್ಲೇ. ಬೆರಳುಗಳಿಗೆ ಎರಡು ಚಕ್ರ, ಎಡಗಡೆ ಮೂರು ಗುಂಡಿ. ಮೆನುವಿಗೆ ಇಳಿಯುವ ಪ್ರಮೇಯವೇ ಬಾರದು.

ಇಷ್ಟು ಹೊಗಳಿದ ಮೇಲೆ ನಮ್ಮ ಮನೆಯ ಇನ್ನೊಂದು ಪಕ್ಷದ ವಾದವನ್ನೂ ಬರೆಯದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಈಚೆಗೆ ಆ ಪಕ್ಷವೇ ಹೆಚ್ಚು ಗೆಲ್ಲುತ್ತಿದೆ. ಪತ್ನಿಗೆ ಫೋಟೊಕ್ಕಿಂತ ಹಕ್ಕಿಯ ಹೆಸರು ಮುಖ್ಯ. ಚಳಿಗಾಲದಲ್ಲಿ ಮರದ ತುದಿಯಲ್ಲಿ ಒಂದು ನಿಮಿಷವೂ ನಿಲ್ಲದೆ ಓಡಾಡುವ ಎಲೆ ಉಲಿಯಕ್ಕಿಗಳನ್ನು ಗುರುತಿಸಬೇಕಾದರೆ ರೆಕ್ಕೆಯ ಮೇಲೆ ಪಟ್ಟಿ ಇದೆಯೇ, ಹುಬ್ಬಿನ ಗೆರೆ ಎಷ್ಟು ಉದ್ದವಿದೆ, ಕೊಕ್ಕಿನ ಕೆಳಭಾಗದ ಬಣ್ಣವೇನು ಎಂಬುದೆಲ್ಲ ಕಾಣಬೇಕು. ನನ್ನ ಡಿ300ರ ಚಿತ್ರದಲ್ಲಿ ಎಲೆಗಳು ಸೊಗಸಾಗಿರುತ್ತವೆ, ಹಕ್ಕಿ ಚುಕ್ಕಿಯಾಗಿರುತ್ತದೆ. ಅವಳ ಚಿತ್ರ ಸ್ವಲ್ಪ ಕಲಸಿದಂತಿದ್ದರೂ ರೆಕ್ಕೆಯ ಪಟ್ಟಿ ಎಣಿಸಬಹುದು. "ನಿಮ್ಮ ಬೆಳಕು ಚೆನ್ನಾಗಿದೆ ರೀ, ಆದರೆ ಅದು ಯಾವ ಹಕ್ಕಿ ಅಂತ ನನ್ನ ಫೋಟೊ ನೋಡಿಯೇ ಹೇಳಬೇಕು" ಎಂದು ಅವಳು ಹೇಳಿದರೆ ಉತ್ತರ ಕೊಡಲು ನನ್ನಲ್ಲಿ ಏನೂ ಉಳಿಯುವುದಿಲ್ಲ. ಕ್ಯಾಮೆರಾದಲ್ಲೇ ಇರುವ ಜಿಪಿಎಸ್ ಜಾಗವನ್ನು ಚಿತ್ರದ ಜೊತೆ ದಾಖಲಿಸುತ್ತದೆ, ವೈಫೈ ಮೂಲಕ ಫೋನಿಗೆ ಬರುತ್ತದೆ. ಮನೆ ತಲುಪುವುದರೊಳಗೆ ಹಕ್ಕಿ ನೋಡಿದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಅವಳ ಪಟ್ಟಿ ಸಿದ್ಧ. ಜಿಪಿಎಸ್ ಸದಾ ಚಾಲೂ ಇಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ ಎಂಬುದಷ್ಟೇ ಎಚ್ಚರ.

ಹದಿನಾರು ಕೆರೆಯಲ್ಲಿ ಈ ವಾದ ಇನ್ನೂ ಗಟ್ಟಿಯಾಯಿತು. ಅಲ್ಲಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ದಾಖಲಾಗಿರುವುದರಿಂದ, ಹಿಂಡು ಕಂಡೊಡನೆ ಕತ್ತುಗಳನ್ನೆಲ್ಲ ಒಂದೊಂದಾಗಿ ನೋಡುವುದು ಹಕ್ಕಿ ನೋಡುವವರ ಅಭ್ಯಾಸ. ಹಿಂಡು ದಡಕ್ಕೆ ಬರುವುದಿಲ್ಲ, ನಾವು ಹತ್ತಿರ ಹೋಗಿ ಅವನ್ನು ಎಬ್ಬಿಸಲೂಬಾರದು. ಅಂಥ ಒಂದು ಕತ್ತಿನಲ್ಲಿ ಪಟ್ಟಿ ಇದೆಯೆಂದು ನನ್ನ ಗಾಜಿನ ಕಿಂಡಿ ತೋರಿಸಿತು, ಅದರ ಮೇಲಿನ ಅಕ್ಷರಗಳನ್ನು ತೋರಿಸಲಿಲ್ಲ. ಪಿ900 ಅನ್ನು ಏರಿಯ ಕಲ್ಲಿನ ಮೇಲೆ ಚೀಲವಿಟ್ಟು ಅದರ ಮೇಲೆ ಕೂರಿಸಿ, ಬಿಸಿಲೇರುವ ಮೊದಲೇ, ಹಕ್ಕಿ ಕತ್ತು ತಿರುಗಿಸುವವರೆಗೆ ಕಾದು ಅವಳು ತೆಗೆದ ಚಿತ್ರದಲ್ಲಿ ಅಕ್ಷರಗಳು ಓದುವಂತಿದ್ದವು. ಆ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕಲಾರರು. ಆದರೆ ಎಲ್ಲಿಯ ಹಕ್ಕಿ ಎಲ್ಲಿಗೆ ಬಂದಿತೆಂಬ ದಾಖಲೆಗೆ ಅದು ಸಾಕು, ನನ್ನದು ಸಾಲದು.

ಹಳೆಯ ಕ್ಯಾಮೆರಾ ಸಾಕುವ ತಾಪತ್ರಯಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ ಎಂಬುದನ್ನೂ ಸೇರಿಸಬೇಕು. ಇದು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು ಬೇಡುತ್ತದೆ. ಊರಿನ ಅಂಗಡಿಗಳಲ್ಲಿ ಕೇಳಿದರೆ ಮೆಮೊರಿ ಕಾರ್ಡೆಂದು ಎಸ್‌ಡಿ ತಂದಿಡುತ್ತಾರೆ. ಕಾರ್ಡ್ ರೀಡರಿನ ಸೂಜಿಯಂಥ ಪಿನ್ನು ಒಂದು ಬಾಗಿದರೂ ಕೆಲಸ ಕೆಟ್ಟಂತೆ, ಹಾಗಾಗಿ ಈಗ ಕೇಬಲ್ಲಿನಿಂದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಅಂಗಡಿಯೊಂದು ಅಸಲಿಯೆಂದು ಮಾರಿದ ಬ್ಯಾಟರಿ ಅರ್ಧ ಬೆಳಗ್ಗೆಯೂ ಬಾಳಲಿಲ್ಲ. 300 ಎಂಎಂ ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲವಾದ್ದರಿಂದ ಶಟರ್ ವೇಗ ಇಳಿಸಲಾಗದು, ಕೈ ದಣಿದ ಮೇಲೆ ಅದು ಚಿತ್ರದಲ್ಲಿ ಕಾಣುತ್ತದೆ. ವಿಡಿಯೊ ಇಲ್ಲವೇ ಇಲ್ಲ. ಬಣ್ಣದ ಕೊಕ್ಕರೆ ಮರಿಗಳು ತಾಯಿಯ ಕೊಕ್ಕಿಗಾಗಿ ಜಗಳವಾಡುವುದನ್ನು ನೋಡುತ್ತ ನಿಂತಾಗಲೆಲ್ಲ ಪಕ್ಕದಲ್ಲಿ ಅದನ್ನು ವಿಡಿಯೊ ಮಾಡುತ್ತಿರುವವಳ ಮೇಲೆ ನನಗೆ ಸಣ್ಣ ಅಸೂಯೆ. ಎಲ್ಲಕ್ಕಿಂತ ಹೆಚ್ಚಾಗಿ, ತರಕಾರಿ ತರಲು ಹೊರಟಾಗ ಸ್ಕೂಟರಿನ ಡಿಕ್ಕಿಯಲ್ಲಿ ಪಿ900 ಇರುತ್ತದೆ. ಡಿ300 ಕಪಾಟಿನಲ್ಲಿ ಇರುತ್ತದೆ.

ಆದ್ದರಿಂದ ಒಂದನ್ನೇ ಕೊಳ್ಳುವವರಿಗೆ ನನ್ನ ಸಲಹೆ ಅವರ ಅಭ್ಯಾಸವನ್ನು ಕೇಳಿಯೇ ಬರುತ್ತದೆ. ಹಕ್ಕಿಗಳ ಪಟ್ಟಿ ಮಾಡುವವರು, ಪ್ರವಾಸಕ್ಕೂ ಮನೆಯವರ ಫೋಟೊಕ್ಕೂ ಒಂದೇ ಕ್ಯಾಮೆರಾ ಬೇಕೆನ್ನುವವರು, ಭುಜ ಅಥವಾ ಕುತ್ತಿಗೆ ನೋವಿರುವವರು ಸೂಪರ್‌ಜೂಮ್ ಕೊಳ್ಳಲಿ, ಎರಡನೇ ಯೋಚನೆ ಬೇಡ. ಭದ್ರಾ ಹಿನ್ನೀರಿನ ರೀವ ಹಕ್ಕಿಗಳನ್ನೋ ಕೆರೆಯ ಮಿಂಚುಳ್ಳಿಯನ್ನೋ ರೆಕ್ಕೆ ಬಿಚ್ಚಿದಾಗಲೇ ಹಿಡಿಯಬೇಕೆನ್ನುವ ಹಟವಿದ್ದು, ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕೂರುವ ತಾಳ್ಮೆಯಿದ್ದರೆ ಮಾತ್ರ ಹಳೆಯ ಡಿಎಸ್‌ಎಲ್‌ಆರ್. ಅದರಲ್ಲೂ ಹಣದ ಬಹುಪಾಲು ಲೆನ್ಸಿಗೆ ಮೀಸಲಿರಲಿ. ನನ್ನ 300 ಎಂಎಂ ನಾಳೆ ಬೇರೆ ಬಾಡಿಗೂ ಹೊಂದುತ್ತದೆ, ಹಳೆಯ ಕ್ಯಾಮೆರಾಕ್ಕೆ ಆ ಭಾಗ್ಯವಿಲ್ಲ.

ಸೆಕೆಂಡ್ ಹ್ಯಾಂಡ್ ಡಿ300 ನೋಡಲು ಹೋಗುವವರು ಸ್ವಂತ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡೊಂದನ್ನು ಒಯ್ಯಬೇಕು. ಒಂದು ಚಿತ್ರ ತೆಗೆದು ತಂದರೆ ಅದರೊಳಗಿನ ಮಾಹಿತಿಯಿಂದ ಶಟರ್ ಎಷ್ಟು ಸಲ ಬಿದ್ದಿದೆಯೆಂದು ಉಚಿತ ತಂತ್ರಾಂಶಗಳೇ ಹೇಳುತ್ತವೆ. ಈ ಶಟರನ್ನು ತಯಾರಕರು 1,50,000 ಸಲಕ್ಕೆ ಪರೀಕ್ಷಿಸಿದ್ದಾರೆ, ಅದನ್ನು ದಾಟಿದ್ದರೆ ಬೆಲೆ ಆ ಲೆಕ್ಕದಲ್ಲಿ ಇಳಿಯಬೇಕು. ಕಾರ್ಡಿನ ಗೂಡಿನೊಳಗೆ ಟಾರ್ಚ್ ಹಾಕಿ ಪಿನ್ನುಗಳು ನೆಟ್ಟಗಿವೆಯೇ ನೋಡಿ. ಎಎಫ್-ಆನ್ ಗುಂಡಿಯನ್ನು ಬೀದಿಯಲ್ಲಿ ಹೋಗುವ ಬೈಕಿನ ಮೇಲೆ ಒತ್ತಿ ಹಿಡಿದು ಫೋಕಸ್ ಬೆನ್ನು ಹತ್ತುತ್ತದೆಯೇ ಪರೀಕ್ಷಿಸಿ. ಮಾರುವವರು ಬ್ಯಾಟರಿ ಮಾಹಿತಿ ಪುಟ ತೆರೆದು ತೋರಿಸಲು ಹಿಂಜರಿದರೆ, ಬ್ಯಾಟರಿಗೆ ಬೆಲೆ ಕಟ್ಟಬೇಡಿ.