ಗ್ರಾಂಟ್ ಹುಡುಕಿಕೊಡುವ ಚಂದಾ ಸೇವೆ: ಪಟ್ಟಿ ಉದ್ದ, ಉಪಯೋಗಕ್ಕೆ ಬಂದದ್ದು ಬಜೆಟ್ ಹಾಳೆ

ಸಂಶೋಧನೆಗೆ ಎಲ್ಲಿ ದುಡ್ಡು ಸಿಗುತ್ತದೆ ಎಂದು ಹುಡುಕಿಕೊಡುವ, ಪ್ರೊಪೋಸಲ್ ತಿದ್ದಿಕೊಡುವ ಕಂಪನಿಗಳು ಈಗ ಸುಮಾರು ಇವೆ. ಅಂಥ ಒಂದಕ್ಕೆ ನಾವು ನಾಲ್ಕು ಜನ ಸೇರಿ ವರ್ಷದ ಚಂದಾ ಕಟ್ಟಿದ್ದೆವು. ಹೆಸರು ಬರೆಯುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ಒಳ್ಳೆಯವು ಅಂತಾಗುತ್ತದೆ, ಬೇರೆಯವರ ಹತ್ತಿರ ವಿಚಾರಿಸಿದ ಮಟ್ಟಿಗೆ ಎಲ್ಲವೂ ಒಂದೇ ಅಚ್ಚಿನವು. ಕಾಸರಗೋಡು ಕಡೆಯ ಕಾಲೇಜಿನವರು, ಪಿಎಚ್‌ಡಿ ಮಾಡುವವರು ದುಡ್ಡು ಕಟ್ಟುವ ಮೊದಲು ಓದಲಿ ಅಂತ ಇದು.

ನಮಗೆ ಬೇಕಾದದ್ದು ಏನು ಅಂತ ಹೇಳದೆ ಸೇವೆ ಹೇಗಿತ್ತು ಅಂತ ಹೇಳಿದರೆ ಅರ್ಥ ಆಗುವುದಿಲ್ಲ. ನಾನು ಮೈಕ್ರೋಬಯಾಲಜಿ ಪಾಠ ಮಾಡುವವಳು. ಜೊತೆಗೆ ಒಬ್ಬರು ಭೂವಿಜ್ಞಾನದವರು, ಒಬ್ಬರು ಸಮಾಜಶಾಸ್ತ್ರದವರು, ಪೆರ್ಲ ಕಡೆಯ ಒಬ್ಬರು ಡಾಕ್ಟರು. ವಿಷಯ ನಮ್ಮೂರಿನ ಸುರಂಗದ ನೀರು. ಗೊತ್ತಿಲ್ಲದವರಿಗೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಪಂಪಿಲ್ಲದೆ ಹೊರಗಿನ ಕೆರೆಗೋ ತೊಟ್ಟಿಗೋ ಹರಿಸುವ ಏರ್ಪಾಡು. ಬಾಯಾರು, ಎಣ್ಮಕಜೆ, ಪೆರ್ಲ ಕಡೆ ಈಗಲೂ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಇದೇ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಸುರಂಗ ಕೊರೆದೇ ಬೋಳು ಗುಡ್ಡವನ್ನು ತೋಟ ಮಾಡಿದ್ದು, 2022ರಲ್ಲಿ ಪದ್ಮಶ್ರೀ ಬಂದಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ಬೋರ್‌ವೆಲ್ ಬಂದಮೇಲೆ ಗುಡ್ಡದೊಳಗೆ ನೀರು ಎಷ್ಟು ಉಳಿದಿದೆ, ಆ ನೀರಿನಲ್ಲಿ ಏನೇನು ಇದೆ, ಮನೆ ಪಾಲಾದಾಗ ಸುರಂಗ ಯಾರ ಪಾಲಿಗೆ ಹೋಗುತ್ತದೆ, 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಗುಡ್ಡಗಳ ಕೆಳಗಿನ ಜನ ಈಗ ಯಾವ ನೀರು ಕುಡಿಯುತ್ತಿದ್ದಾರೆ, ಇಷ್ಟೂ ಪ್ರಶ್ನೆಗೆ ಒಬ್ಬರೇ ಉತ್ತರ ಹೇಳಲು ಆಗುವುದಿಲ್ಲ ಅಲ್ವಾ. ಹಾಗಾಗಿ ನಾಲ್ಕು ಜನ.

ದುಡ್ಡು ಕಟ್ಟಿದ ಕೂಡಲೇ ಎಕ್ಸೆಲ್ ಪಟ್ಟಿ ಬಂತು. ನೋಡಲು ಭರ್ಜರಿ. ಬಣ್ಣ ಬಣ್ಣದ ಸಾಲು, ಪ್ರತಿಯೊಂದರ ಎದುರಿಗೆ ‘ಸೂಕ್ತ’ ಅಂತ ಹಸಿರು ಗುರುತು. ಓದುತ್ತಾ ಹೋದಹಾಗೆ ಗೊತ್ತಾಯಿತು, ಗುರುತು ಹಾಕಿದವರು ನಿಯಮ ಓದಿಲ್ಲ.

ಮೊದಲ ಸಾಲಲ್ಲೇ ಯುರೋಪಿನ ಸಂಶೋಧನಾ ಮಂಡಳಿ ಇಆರ್‌ಸಿಯ ಸಿನರ್ಜಿ ಗ್ರಾಂಟ್. 2ರಿಂದ 4 ಮುಖ್ಯ ಸಂಶೋಧಕರು ಸೇರಬೇಕು, 6 ವರ್ಷಕ್ಕೆ 1 ಕೋಟಿ ಯುರೋವರೆಗೆ ಸಿಗುತ್ತದೆ. ಅವರಲ್ಲಿ ಒಬ್ಬರು ಯುರೋಪಿನ ಹೊರಗಿರಬಹುದು, ಆದರೆ ಉಳಿದವರು ಅಲ್ಲಿನ ಸಂಸ್ಥೆಯಲ್ಲೇ ಇರಬೇಕು. ನಮ್ಮ ನಾಲ್ಕು ಜನರಲ್ಲಿ ಯುರೋಪು ನೋಡಿದವರೇ ಇಲ್ಲ. ಆಮೇಲೆ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ. ಇದು ನನಗೆ ನಿಜಕ್ಕೂ ಇಷ್ಟದ ಯೋಜನೆ. ಕಚೇರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದೆ, ಭಾರತವೂ ಸದಸ್ಯ ದೇಶ. ಬೇರೆ ಬೇರೆ ದೇಶದವರು, ಬೇರೆ ಬೇರೆ ವಿಷಯದವರು, ಅದೂ ಹಿಂದೆ ಒಟ್ಟಿಗೆ ಕೆಲಸ ಮಾಡದವರು ಸೇರಿ ಅರ್ಜಿ ಹಾಕಬೇಕು, ಮೊದಲೇ ಫಲಿತಾಂಶ ತೋರಿಸಿ ಅಂತ ಹಟ ಹಿಡಿಯುವುದಿಲ್ಲ. ಅಪಾಯದ ಯೋಚನೆಗೆ ದುಡ್ಡು ಕೊಡುವವರು ಹೀಗೇ ಇರಬೇಕು. ಆದರೆ ಅದು ಜೀವಿಗಳ ಮೂಲ ವಿಜ್ಞಾನಕ್ಕೆ. ಕುಡಿಯುವ ನೀರಿನಂಥ ಅನ್ವಯದ ಕೆಲಸಕ್ಕೆ ಅಲ್ಲ. ಅದಕ್ಕೂ ಹಸಿರು ಗುರುತು.

ಕೇಂದ್ರ ಸರ್ಕಾರದ ಸ್ಪಾರ್ಕ್ ಯೋಜನೆ ಇತ್ತು. 2018ರಲ್ಲಿ ಶುರುವಾದದ್ದು, ಖರಗಪುರದ ಐಐಟಿ ನಡೆಸಿಕೊಡುತ್ತದೆ. ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿಯಲ್ಲಿ ಮೇಲಿರುವ ಸಂಸ್ಥೆಗಳಿಗೆ ವಿದೇಶದ ಒಳ್ಳೆಯ ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡಲು. ನಮ್ಮ ಕಾಲೇಜು ಆ ಪಟ್ಟಿಯ ಹತ್ತಿರವೂ ಇಲ್ಲ. ಯುಜಿಸಿಯ ಸ್ಟ್ರೈಡ್ ಇತ್ತು, ‘ಟ್ರಾನ್ಸ್‌ಡಿಸಿಪ್ಲಿನರಿ ರಿಸರ್ಚ್’ ಎಂದು ಪೂರ್ಣ ಹೆಸರೇ ಹೇಳುವಂತೆ ವಿಷಯಗಳ ಗಡಿ ದಾಟುವ ಸಂಶೋಧನೆಗೇ ಮಾಡಿದ ಯೋಜನೆ, ನಮಗೆ ಅಳತೆ ಹೊಲಿಸಿದ ಹಾಗಿತ್ತು. ಆದರೆ ಇವರು ಕೊಟ್ಟ ಕೊಂಡಿ ಒತ್ತಿದರೆ ತೆರೆದದ್ದು 2019ರಲ್ಲಿ ಅರ್ಜಿ ಕರೆದ ಪ್ರಕಟಣೆ! ಎದುರಿಗೆ ‘ಈಗ ತೆರೆದಿದೆ’ ಅಂತ ಬರೆದಿದ್ದರು. ಇನ್ನೊಂದು ಕಡೆ ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರದ ಹಳೆಯ ಮಂಡಳಿ ಸರ್ಬ್ ಅಂತಲೇ ಇತ್ತು. ಅದರ ಜಾಗಕ್ಕೆ 2023ರ ಕಾಯಿದೆಯಂತೆ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಬಂದದ್ದು ಇವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಈ ಫೌಂಡೇಶನ್ನಿನ ಪೇರ್ ಯೋಜನೆ ಪಟ್ಟಿಯಲ್ಲಿ ಇರಲೇ ಇಲ್ಲ. ಅದರಲ್ಲಿ ದೊಡ್ಡ ಸಂಸ್ಥೆಯೊಂದು ಹಬ್, ಅದರ ಕೈಹಿಡಿದು ಬೆಳೆಯುವ ಸಂಸ್ಥೆಗಳು ಸ್ಪೋಕ್. ಮೊದಲ ಹಂತದಲ್ಲಿ ಸ್ಪೋಕ್ ಆಗುವ ಅವಕಾಶ ವಿಶ್ವವಿದ್ಯಾಲಯಗಳಿಗೆ, ಕೆಲವು ಎನ್‌ಐಟಿಗಳಿಗೆ ಹೋಯಿತು, ನಮ್ಮಂಥ ಕಾಲೇಜಿಗೆ ಅಲ್ಲ. ಇರಲಿ, ಅದನ್ನಾದರೂ ಹೇಳಬೇಕಿತ್ತು.

ನಿಜವಾಗಿ ನಮಗೆ ಹೊಂದುವಂಥದ್ದು ಬೆಲ್ಮಾಂಟ್ ಫೋರಂ, ಸಂಶೋಧನೆಗೆ ದುಡ್ಡು ಕೊಡುವ ಹಲವು ದೇಶಗಳ ಸಂಸ್ಥೆಗಳ ಕೂಟ. ನೈಸರ್ಗಿಕ ವಿಜ್ಞಾನದವರು, ಸಮಾಜ ವಿಜ್ಞಾನದವರು ಇಬ್ಬರೂ ಬೇಕೇ ಬೇಕು, ಫಲಿತಾಂಶ ಬಳಸುವ ಜನರೂ ಮೊದಲಿನಿಂದಲೇ ಜೊತೆಗಿರಬೇಕು ಅನ್ನುತ್ತಾರೆ. ಸುರಂಗದ ಮನೆಯವರನ್ನು ಸುಮ್ನೆ ಫೋಟೋಗೆ ನಿಲ್ಲಿಸಿದರೆ ಸಾಲದು. ಆದರೆ ಕಡಿಮೆಯೆಂದರೂ ಮೂರು ದೇಶದ ತಂಡ ಆಗಬೇಕು, ಮತ್ತು ಪ್ರತಿ ದೇಶದ ದುಡ್ಡು ಆಯಾ ದೇಶದ ಸಂಸ್ಥೆಯೇ ಕೊಡುವುದರಿಂದ ಒಬ್ಬರ ದೇಶ ಆ ವರ್ಷದ ಕರೆಗೆ ಸೇರದಿದ್ದರೆ ಅವರ ಪಾಲಿಗೆ ಏನೂ ಇಲ್ಲ. ಇಷ್ಟೆಲ್ಲ ನಾವೇ ಓದಿ ತಿಳಿದುಕೊಂಡದ್ದು.

ಈಗ ನಮ್ಮ ಗಡಿನಾಡಿನ ದೊಡ್ಡ ತೊಡಕು. ಕೇರಳ ಸರ್ಕಾರದ ವಿಜ್ಞಾನ ಪರಿಷತ್ತು ಕೆಎಸ್‌ಸಿಎಸ್‌ಟಿಇ ಕೇರಳದ ಸಂಸ್ಥೆಗಳಿಗೆ ಕೊಡುತ್ತದೆ. ಕರ್ನಾಟಕ ಸರ್ಕಾರದ ವಿಜ್ಞಾನದ ವಿಷನ್ ಗ್ರೂಪ್ ವಿಜಿಎಸ್‌ಟಿ ಕರ್ನಾಟಕದವರಿಗೆ. ನಮ್ಮ ಭೂವಿಜ್ಞಾನದವರು ಇರುವುದು ಮಂಗಳೂರಿನಲ್ಲಿ. ಗುಡ್ಡದ ನೀರು ಗಡಿಯ ತಲಪಾಡಿ ಗೇಟು ಕೇಳಿ ಹರಿಯುವುದಿಲ್ಲ, ದುಡ್ಡು ಮಾತ್ರ ಕೇಳುತ್ತದೆ. ಕಂಪನಿಗೆ ಫೋನ್ ಮಾಡಿ ಕೇಳಿದೆ. ಆಚೆ ಕಡೆಯ ಹುಡುಗ ಪಾಪ ತುಂಬಾ ವಿನಯದಿಂದ, "ಮೇಡಂ, ಎರಡೂ ಕಡೆ ಅಪ್ಲೈ ಮಾಡಿ, ಒಂದೇ ಪ್ರೊಪೋಸಲ್ ಸಾಕು" ಎಂದ. ನಾನು, "ಅಲ್ಲಪ್ಪಾ, ಒಂದೇ ಕೆಲಸಕ್ಕೆ ಇನ್ನೆಲ್ಲೂ ದುಡ್ಡು ಕೇಳಿಲ್ಲ ಅಂತ ಸಹಿ ಹಾಕಿಸಿಕೊಂಡರೆ ಏನು ಮಾಡುವುದು?" ಅಂದೆ. ಸೀನಿಯರ್ ಹತ್ತಿರ ಕೇಳಿ ಹೇಳುತ್ತೇನೆ ಅಂದವನು ಮತ್ತೆ ಫೋನ್ ಮಾಡಲಿಲ್ಲ.

ಜೊತೆಗಾರರನ್ನು ಹೊಂದಿಸಿಕೊಡುವ ಸೇವೆ ಅಂತ ಒಂದಿದೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೆಲವು ಪ್ರೊಫೆಸರುಗಳ ಇಮೇಲ್ ವಿಳಾಸ ಕೊಡುತ್ತಾರೆ, ಅಷ್ಟೆ. ಗೂಗಲ್ಲೂ ಕೊಡುತ್ತದೆ.

ಪ್ರೊಪೋಸಲ್ ತಿದ್ದುವುದು ಇನ್ನೊಂದು ಕಥೆ. ವ್ಯಾಕರಣ ಸರಿ ಮಾಡಿದ್ದರು, ಒಪ್ಪುತ್ತೇನೆ. ಆದರೆ ನಡುವೆ ನಮ್ಮಲ್ಲಿ ಯಾರೂ ಕೇಳದ ಎಐ ಒಂದು ಬಂದು ಕೂತಿತ್ತು, ಅದರ ಪಕ್ಕದಲ್ಲಿ ಒಂದು ಡ್ರೋನ್. ಆಳು ಬಗ್ಗಿಕೊಂಡು ನುಗ್ಗುವ ಸುರಂಗ ಮಾರಾಯ್ರೆ, ಅದರೊಳಗೆ ಡ್ರೋನ್ ಹಾರಿಸಿ ಬಾವಲಿಗಳನ್ನು ಎಬ್ಬಿಸುವುದೋ? ಸಮಾಜಶಾಸ್ತ್ರದ ಮೇಡಂ ಬರೆದ ಎರಡು ಪುಟ ನಾಲ್ಕು ಸಾಲಾಗಿತ್ತು, ‘ಸಮುದಾಯದ ಜಾಗೃತಿ ಕಾರ್ಯಕ್ರಮ’ ಅಂತ. ಅವರಿಗೆ ಬಂದ ಸಿಟ್ಟು ನ್ಯಾಯವೇ. ಬೇರೆ ವಿಷಯದವರನ್ನು ಒಗ್ಗರಣೆಗೆ ಹಾಕಿದ ಹಾಗೆ ಸೇರಿಸಿಕೊಳ್ಳುವುದು ನಮ್ಮ ಅರ್ಧಕ್ಕರ್ಧ ‘ಅಂತರಶಿಸ್ತೀಯ’ ಪ್ರೊಪೋಸಲ್‌ಗಳ ರೋಗ, ಈ ಕಂಪನಿಯವರು ಅದನ್ನು ದುಡ್ಡು ತೆಗೆದುಕೊಂಡು ಮಾಡುತ್ತಾರೆ.

ಇಷ್ಟೆಲ್ಲ ಬೈದಮೇಲೆ ಹೊಗಳಲೇಬೇಕಾದ ಒಂದಿದೆ. ಬಜೆಟ್. ಆ ವಿಭಾಗ ನೋಡುವವರು ಯಾವುದೋ ಸರ್ಕಾರಿ ಲ್ಯಾಬಿನ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರಂತೆ. ಗಂಟೆಗಟ್ಟಲೆ ಕೂತು ಪ್ರಶ್ನೆ ಕೇಳಿದರು. ನೀರಿನ ಸ್ಯಾಂಪಲ್ ಬಾಯಾರಿನಿಂದ ಲ್ಯಾಬಿಗೆ ಯಾರು ತರುತ್ತಾರೆ? ಬ್ಯಾಕ್ಟೀರಿಯಾ ನೋಡಬೇಕಾದರೆ ಐಸ್ ಪೆಟ್ಟಿಗೆಯಲ್ಲಿಟ್ಟು ಬೇಗ ತಲುಪಿಸಬೇಕು, ತಡವೆಂದರೂ 24 ಗಂಟೆಯೊಳಗೆ. ಹಾಗಾದರೆ ಜೀಪಿನ ಬಾಡಿಗೆ ಯಾವ ತಲೆಬರಹದಲ್ಲಿ? ಸಂದರ್ಶನ ತುಳುವಿನಲ್ಲೋ, ಹವ್ಯಕ ಕನ್ನಡದಲ್ಲೋ, ಮಲಯಾಳದಲ್ಲೋ ನಡೆದರೆ ಅದನ್ನು ಬರೆದುಕೊಡುವವರಿಗೆ ಕೂಲಿ ಇಟ್ಟಿದ್ದೀರಾ? (ಇಟ್ಟಿರಲಿಲ್ಲ. ಯಾರೂ ಇಡುವುದಿಲ್ಲ.) ದುಡ್ಡು ಎರಡು ಸಂಸ್ಥೆಗೆ ಬೇರೆ ಬೇರೆ ಬಂದರೆ ಎರಡೂ ಕಡೆಯಿಂದ ಯುಸಿ (ದುಡ್ಡು ಹೇಗೆ ಖರ್ಚಾಯಿತು ಎಂಬ ಪ್ರಮಾಣಪತ್ರ) ಹೋಗಬೇಕು, ಒಬ್ಬರದು ತಡವಾದರೆ ಮುಂದಿನ ಕಂತು ಸಿಕ್ಕಿಬೀಳುತ್ತದೆ, ಹಾಗಾಗಿ ಮಂಗಳೂರಿನ ಕಾಲೇಜಿನ ಆಫೀಸಿನಲ್ಲಿ ಇದನ್ನು ಯಾರು ಮಾಡುತ್ತಾರೆ ಅಂತ ಈಗಲೇ ಹೆಸರು ಬರೆಸಿಕೊಳ್ಳಿ ಎಂದರು. ಜೊತೆಯಾಗಿ ಮಾಡುವ ಸಂಶೋಧನೆ ಹಳಿ ತಪ್ಪುವುದು ಇಂಥ ಕಡೆಯೇ. ವಿಜ್ಞಾನದಲ್ಲಿ ಜಗಳವಾದರೆ ಚಹಾ ಕುಡಿದು ಸರಿಮಾಡಿಕೊಳ್ಳಬಹುದು, ಯುಸಿ ಬಾಕಿ ಉಳಿದರೆ ಪ್ರಾಜೆಕ್ಟಿನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕಿ) ಆಗಿರುವ ಹುಡುಗಿಗೆ ಸಂಬಳ ಇಲ್ಲ.

ಅವರೇ ಹೇಳಿದ ಇನ್ನೊಂದು ಮಾತು ಪಟ್ಟಿಗಿಂತ ಬೆಲೆಯದ್ದು. ಒಮ್ಮೆಗೇ ನಾಲ್ಕು ಜನರ ದೊಡ್ಡ ಯೋಜನೆಗೆ ಹೋಗಬೇಡಿ, ಮೊದಲು ಒಬ್ಬರು ಟೇರ್ ನೋಡಿ ಎಂದರು. ಸರ್ಬ್ ಕಾಲದಲ್ಲಿ ಶುರುವಾದ ಯೋಜನೆ ಅದು. ಕಾಲೇಜು ಮೇಷ್ಟ್ರು ತಮ್ಮ ಕೆಲಸ ಬಿಡದೆ ಐಐಟಿ, ಎನ್‌ಐಟಿ, ರಾಷ್ಟ್ರೀಯ ಲ್ಯಾಬಿನಂಥ ಕಡೆ ಒಬ್ಬರ ಜೊತೆ ಸೇರಿ ಸಂಶೋಧನೆ ಮಾಡಬಹುದು. ನಮಗಾದರೆ ಒಂದು ಕಡೆ ಸುರತ್ಕಲ್ಲಿನ ಎನ್‌ಐಟಿ, ಇನ್ನೊಂದು ಕಡೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡು ಪೇಟೆಯ ಪಕ್ಕದಲ್ಲೇ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ. ಅಲ್ಲಿ ಒಂದೆರಡು ಪೇಪರು ಒಟ್ಟಿಗೆ ಬರೆದವರ ಮೇಲೆ ದೊಡ್ಡ ಯೋಜನೆಯವರಿಗೆ ನಂಬಿಕೆ ಬರುತ್ತದೆ. ಗಡಿ ದಾಟುವ ತಂಡಕ್ಕೂ ಕೇಂದ್ರದ ದುಡ್ಡೇ ಸುಲಭ. ಹಸಿರು ಗುರುತಿನ ಅಷ್ಟುದ್ದ ಪಟ್ಟಿಯಲ್ಲಿ ಟೇರ್ ಹೆಸರಿರಲಿಲ್ಲ!

ನಕ್ಷತ್ರ ಕೊಡುವುದಾದರೆ ಪಟ್ಟಿಗೆ ಐದರಲ್ಲಿ ಒಂದೂವರೆ, ತಿದ್ದುಪಡಿಗೆ ಎರಡು, ಜೊತೆಗಾರರ ಸೇವೆಗೆ ಸೊನ್ನೆ, ಬಜೆಟ್ಟಿಗೆ ನಾಲ್ಕೂವರೆ. ಪೂರ್ತಿ ಚಂದಾ ಕಟ್ಟಬೇಡಿ. ಬಜೆಟ್ ನೋಡಿಕೊಡುವುದು ಬಿಡಿಯಾಗಿಯೂ ಸಿಗುತ್ತದೆ, ದರಪಟ್ಟಿಯಲ್ಲಿ ಹಾಕಿಲ್ಲ, ಫೋನ್ ಮಾಡಿ ಬಾಯಿಬಿಟ್ಟು ಕೇಳಬೇಕು. ಕೇಳುವ ಮೊದಲು ನಿಮ್ಮ ಕಾಲೇಜಿನ ಆಫೀಸಿನಿಂದ ಹಿಂದಿನ ಯಾವುದಾದರೂ ಪ್ರಾಜೆಕ್ಟಿನ ಯುಸಿ ಪ್ರತಿ ತೆಗೆದಿಟ್ಟುಕೊಳ್ಳಿ, ಅವರು ಮೊದಲು ಕೇಳುವುದೇ ಅದು.