ಎನ್-ಬ್ಯಾಕ್, ಕಾಗ್‌ಮೆಡ್, ಲ್ಯುಮೋಸಿಟಿ: ನನ್ನ ಓಟು ಬಿಟ್ಟಿ ಸಿಗುವುದಕ್ಕೆ

ಹೇಳಿದ ಫೋನ್ ನಂಬರನ್ನು ಬರೆದುಕೊಳ್ಳುವ ತನಕ ತಲೆಯಲ್ಲಿ ಹಿಡಿದಿಡುತ್ತೇವಲ್ಲ, ಅದು ವರ್ಕಿಂಗ್ ಮೆಮೊರಿ. ಅದಕ್ಕೆ ಕಸರತ್ತು ಮಾಡಿಸುವವುಗಳಲ್ಲಿ ನನಗೆ ಹಿಡಿಸಿದ್ದು ಬ್ರೈನ್ ವರ್ಕ್‌ಶಾಪ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್. ಕಾಸಿಲ್ಲ, ಲಾಗಿನ್ ಇಲ್ಲ. ನೋಡಲು ಮಾತ್ರ ಸೈಬರ್ ಕೆಫೆ ಕಾಲದ್ದು.

ಡ್ಯುಯಲ್ ಎನ್-ಬ್ಯಾಕ್ ಅದರ ಮುಖ್ಯ ಆಟ. 3 ಸೆಕೆಂಡಿಗೊಮ್ಮೆ ಪರದೆಯ ಮೇಲಿನ ಚೌಕಗಳಲ್ಲಿ ಒಂದು ಮನೆ ಬೆಳಗುತ್ತದೆ, ಜೊತೆಗೇ ಒಂದು ಇಂಗ್ಲಿಷ್ ಅಕ್ಷರ ಕೇಳಿಸುತ್ತದೆ. 2-ಬ್ಯಾಕ್ ಆದರೆ, ಎರಡು ಸರದಿ ಹಿಂದಿನ ಮನೆಯೇ ಮತ್ತೆ ಬಂದಾಗ ಎ ಕೀ ಒತ್ತಬೇಕು, ಅಕ್ಷರ ಮತ್ತೆ ಬಂದಾಗ ಎಲ್ ಕೀ. ಹೀಗೆ ಮತ್ತೆ ಬರುವುದೇ ಹೊಂದಿಕೆ.

ಕಿರಿಕಿರಿ ಇರುವುದು ಈ ಎಲ್ ಕೀಯಲ್ಲೇ. ಕೇಳಿಸುವ ಎಂಟು ಅಕ್ಷರಗಳು ಸಿ, ಎಚ್, ಕೆ, ಎಲ್, ಕ್ಯೂ, ಆರ್, ಎಸ್, ಟಿ. ಕಿವಿಗೆ 'ಎಲ್' ಬಿದ್ದೊಡನೆ ಬೆರಳು ತಾನಾಗಿ ಎಲ್ ಕೀಗೆ ಹೋಗುತ್ತದೆ, ಹೊಂದಿಕೆ ಇರಲಿ ಬಿಡಲಿ. ಇದು ನೆನಪಿನ ತಪ್ಪಲ್ಲ, ಕೈಯ ತಪ್ಪು; ಅಂಕ ಮಾತ್ರ ಹೋಗುತ್ತದೆ. ಮುಂದಿನ ಮಟ್ಟಕ್ಕೆ 80% ಬೇಕು, ಮೂರು ಸಲ 50%ಗಿಂತ ಕೆಳಗಿಳಿದರೆ ಹಿಂಬಡ್ತಿ. 2-ಬ್ಯಾಕ್‌ನ ಒಂದು ಸುತ್ತಿನಲ್ಲಿ ಇರುವುದೇ 24 ಸರದಿ, ಹೊಂದಿಕೆಗಳು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಇಂಥ ಎರಡು ತಪ್ಪಿಗೂ ಸುತ್ತು ಕೈತಪ್ಪಬಹುದು.

ಪರಿಹಾರ ಸಾಫ್ಟ್‌ವೇರಿನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿದೆ. ನೋಟ್‌ಪ್ಯಾಡಿನಲ್ಲಿ ತೆರೆದು, ಧ್ವನಿಯ ಕೀಗೆ ಇರುವ ಕೋಡ್ 108 ತೆಗೆದು 59 ಹಾಕಿ. ಎಲ್ ಬದಲು ಅದರ ಪಕ್ಕದ ಅರ್ಧವಿರಾಮದ ಕೀ ಕೆಲಸ ಮಾಡುತ್ತದೆ. ಸಾಲಿನ ಮೊದಲಲ್ಲಿ ಹ್ಯಾಶ್ ಚಿಹ್ನೆ ಇದ್ದರೆ ಅಳಿಸಲೇಬೇಕು, ಇಲ್ಲದಿದ್ದರೆ ಬದಲಾವಣೆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಬಲೆ: 'ಎಸ್, ಆರ್, ಆರ್' ಬಂದಾಗ ಎರಡನೇ ಆರ್‌ಗೆ ಕೈ ತುಡಿಯುತ್ತದೆ. 2-ಬ್ಯಾಕ್‌ನಲ್ಲಿ ಅದು ಹೊಂದಿಕೆಯಲ್ಲ. ಇಂಥ ಮೋಸದ ಸರದಿಗಳನ್ನು ಸಾಫ್ಟ್‌ವೇರ್ ಬೇಕೆಂದೇ ತೂರಿಸುತ್ತದೆ. 'ಯಾವುದೋ ಕೇಳಿದ ಹಾಗಿದೆ' ಎಂಬ ಅಂದಾಜಿನ ಮೇಲೆ ಆಡುವವರು ಬೀಳುವುದು ಇಲ್ಲೇ. ಈ ಮೋಸದ ಸರದಿಗಳನ್ನು ಆಫ್ ಮಾಡಿದರೆ ಅಂಕ ಏರುತ್ತದೆ, ಕಸರತ್ತು ಹೋಗುತ್ತದೆ.

ಕಾಗ್‌ಮೆಡ್ ದುಡ್ಡು ಕೊಟ್ಟು ಸೇರುವ ತರಬೇತಿ, ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯ ಟಾರ್ಕೆಲ್ ಕ್ಲಿಂಗ್‌ಬರ್ಗ್ ಅವರ ಸಂಶೋಧನೆಯಿಂದ ಬಂದದ್ದು. 5 ವಾರ, ವಾರಕ್ಕೆ 5 ದಿನ, ದಿನಕ್ಕೆ 30ರಿಂದ 45 ನಿಮಿಷ, ಮೇಲೊಬ್ಬ ಕೋಚ್. ಶಿಸ್ತಿನ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ಒಂಟಿಯಾಗಿ ಕೂತು ಮಾಡದ ಮಕ್ಕಳಿಗೆ ಸರಿ. ತಾನೇ ಅಲಾರಂ ಇಟ್ಟು ಏಳುವವರು ಕೋಚ್‌ಗೆ ದುಡ್ಡು ಸುರಿಯಬೇಕಿಲ್ಲ.

ಮೆದುಳಿನ ಆಟಗಳ ಆ್ಯಪ್ ಲ್ಯುಮೋಸಿಟಿ ನೋಡಲು ಚೆಂದ. ಆಟ ದಿನಾ ಬದಲಾಗುತ್ತದೆ, ಹಲವು ಆಟಗಳಲ್ಲಿ ನೆನಪಿಗಿಂತ ಬೆರಳಿನ ವೇಗಕ್ಕೇ ಅಂಕ. ಆಧಾರವಿಲ್ಲದ ಜಾಹೀರಾತುಗಳ ದೂರಿನ ಮೇಲೆ 2016ರಲ್ಲಿ ಈ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತ್ತು.

ಬ್ರೈನ್ ವರ್ಕ್‌ಶಾಪ್ ಪರ ಎಂದ ಮಾತ್ರಕ್ಕೆ ಬುದ್ಧಿ ಬೆಳೆಯುತ್ತದೆ ಎನ್ನುತ್ತಿಲ್ಲ. 2008ರಲ್ಲಿ ಸಂಶೋಧಕಿ ಸೂಸನ್ ಯೆಗ್ಗಿ ತಂಡ ಹಾಗೆಂದಿತ್ತು. 2013ರಲ್ಲಿ ಥಾಮಸ್ ರೆಡಿಕ್ ಎಂಬ ಸಂಶೋಧಕರ ತಂಡ 20 ಸಲ ಕೂರಿಸಿ ಡ್ಯುಯಲ್ ಎನ್-ಬ್ಯಾಕ್ ಅಭ್ಯಾಸ ಮಾಡಿಸಿದಾಗ ಜನ ಆಟದಲ್ಲಿ ಪಳಗಿದರು, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮುಂದೆ ಹೋಗಲಿಲ್ಲ. ಲಾಭ ಇಷ್ಟು ಅನುಮಾನದ್ದಾದಾಗ ಜೇಬಿಗೆ ಕೈಹಾಕದ್ದೇ ವಾಸಿ. ಬೆಳಿಗ್ಗೆ ಕಾಫಿ ಆದಮೇಲೆ 20 ಸುತ್ತು, 24 ನಿಮಿಷ, ವೈರ್ ಇರುವ ಇಯರ್‌ಫೋನಿನಲ್ಲಿ; ಬ್ಲೂಟೂತ್‌ನಲ್ಲಿ ಅಕ್ಷರ ಚೌಕಕ್ಕಿಂತ ತಡವಾಗಿ ಬರುತ್ತದೆ.